ಪ್ಯಾಡ್ ಯಂತ್ರ ರೂಪಿಸಿದವರು ಯಾರು?

2018ರಲ್ಲಿ ‘ಪ್ಯಾಡ್ ಮ್ಯಾನ್’ ಸಿನಿಮಾ ಬಂದ ಮೇಲೆ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಮನೆಮಾತಾದರು. ಹಠಮಾರಿ ಗಂಡಸೊಬ್ಬ ಒಬ್ಬನೇ ನಿಂತು ಹಳ್ಳಿ ಹೆಂಗಸರ ಕಷ್ಟ ನೀಗಿಸಿದ ಎಂಬ ಕಲ್ಪನೆಯೂ ಜೊತೆಗೇ ಬೇರೂರಿತು. ಹಠ ನಿಜ. ಒಬ್ಬನೇ ಎಂಬುದು ಅರ್ಧ ಕಥೆ.

1998ರಲ್ಲಿ, ಹೆಂಡತಿ ಮುಟ್ಟಿನ ದಿನಗಳಲ್ಲಿ ಬಳಸುತ್ತಿದ್ದ ಹಳೇ ಬಟ್ಟೆ ಕಂಡು ಅವರು ಅಗ್ಗದ ಸ್ಯಾನಿಟರಿ ಪ್ಯಾಡ್ ಮಾಡುವ ಕೆಲಸಕ್ಕೆ ಇಳಿದರು. ಮೊದಲ ಪ್ಯಾಡ್ ಬರೀ ಹತ್ತಿಯದು. ಬಳಸಿ ನೋಡಿ ಹೇಳುವವರು ಬೇಕಿತ್ತು. ಮನೆಯ ಹೆಣ್ಣುಮಕ್ಕಳು ಹಿಂಜರಿದರು. ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಪ್ಯಾಡಿನ ಜೊತೆ ಅಭಿಪ್ರಾಯ ಬರೆಯಲು ಹಾಳೆಯನ್ನೂ ಕೊಟ್ಟರು. ವಾಪಸು ಪಡೆಯಲು ಹೋದಾಗ, ಎಲ್ಲರ ಹಾಳೆಗಳನ್ನೂ ಕೆಲವರೇ ಕೂತು ತುಂಬುತ್ತಿದ್ದುದನ್ನು ಕಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಫಾರಂ ಹಂಚಿದರೆ ಜನರನ್ನು ಕೇಳಿದಂತಾಯಿತು ಎಂಬ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ. ಬಡಾವಣೆಯ ಪಾರ್ಕಿರಲಿ, ಶೌಚಾಲಯವಿರಲಿ, ಸಮೀಕ್ಷೆ ಮುಗಿಸಿ ನಕ್ಷೆ ಬರೆದುಬಿಡುತ್ತಾರೆ. ಆದರೆ ಗುರುತಿಲ್ಲದವರು ಚೀಟಿ ಹಿಡಿದು ಬಂದರೆ ಮೈಯ ವಿಚಾರವನ್ನು ಯಾರು ಬಿಚ್ಚಿ ಹೇಳುತ್ತಾರೆ? ಇದನ್ನು ಬರೀ ನಾಚಿಕೆ ಎಂದುಕೊಳ್ಳಬಾರದು. ಹೇಳಿದ ಮಾತು ಯಾರ ಕಿವಿಗೆ ಬೀಳುತ್ತದೆ, ಹೇಳಿದ್ದರಿಂದ ತನಗೇನು ಬಂತು ಎಂಬ ವಿವೇಕ ಹೆಣ್ಣಿಗಿರುತ್ತದೆ.

ಬಡವರಿಗೆಂದು ಮಾಡಿದ ಯಂತ್ರ ದೊಡ್ಡ ಯಂತ್ರದ ಅಗ್ಗದ ನಕಲು ಎಂಬುದೂ ತಪ್ಪು. ಕಂಪನಿಗಳ ಪ್ಯಾಡಿನೊಳಗಿರುವುದು ಮರದ ತಿರುಳಿನ ನಾರು ಎಂದು ತಿಳಿಯಲು ಮುರುಗಾನಂದಂ ಅವರಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದನ್ನು ಸಂಸ್ಕರಿಸುವ ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ. ಅವರು ಆ ಕೆಲಸವನ್ನು ಬಿಡಿಬಿಡಿಯಾಗಿ ಒಡೆದರು: ಅಡುಗೆಮನೆಯ ಮಿಕ್ಸಿಯಂಥದರಲ್ಲಿ ತಿರುಳನ್ನು ಹಿಂಜುವುದು, ಅಚ್ಚಿನಲ್ಲಿ ಒತ್ತುವುದು, ಬಟ್ಟೆಯಂಥ ಹೊದಿಕೆ ಸುತ್ತುವುದು, ನೇರಳಾತೀತ ಬೆಳಕಿನಲ್ಲಿ ರೋಗಾಣು ಕೊಲ್ಲುವುದು. ಕೆಲವೇ ಗಂಟೆಗಳಲ್ಲಿ ಕಲಿಯಬಹುದು. ಎಲ್ಲವನ್ನೂ ಯಂತ್ರವೇ ಮಾಡುವಂತಿದ್ದರೆ ಕೈಗಳಿಗೆ ಕೆಲಸವಿರುತ್ತಿರಲಿಲ್ಲ. ಇಲ್ಲಿ ಹಂತಹಂತಕ್ಕೂ ಹೆಂಗಸರಿಗೆ ಸಂಪಾದನೆಯಿದೆ. ನನ್ನ ಮಟ್ಟಿಗೆ ಈ ವಿನ್ಯಾಸದ ಹಿರಿಮೆ ಇದೇ.

ಈ ಯಂತ್ರ ಕೊಂಡ ಮಹಿಳೆಯರ ಸ್ವಸಹಾಯ ಸಂಘಗಳು ಬರೀ ಗಿರಾಕಿಗಳು ಎನ್ನುವವರೂ ಇದ್ದಾರೆ. ತಮಿಳುನಾಡಿನಲ್ಲಿ ಮಹಿಳಾ ಸಂಘಗಳ ಸರ್ಕಾರಿ ಯೋಜನೆ ನಮ್ಮ ಗಡಿಗೆ ತಾಗಿದ ಧರ್ಮಪುರಿಯಲ್ಲಿ 1989ರಲ್ಲೇ ಶುರುವಾಗಿತ್ತು. ಸಾಲ, ಉಳಿತಾಯ, ಜಗಳ, ರಾಜಿ ಎಲ್ಲವನ್ನೂ ಕಂಡ ಹೆಂಗಸರು ಇವರು. ದೊಡ್ಡ ಕಂಪನಿಗಳಿಗೆ ಮಾರದೆ ಮುರುಗಾನಂದಂ ಯಂತ್ರವನ್ನು ಇಂಥ ಸಂಘಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಕೊಟ್ಟರು. ಪ್ಯಾಡಿಗೆ ಹೆಸರಿಡುವುದು ಸಂಘ, ಬೆಲೆ ಕಟ್ಟುವುದೂ ಸಂಘ. ಕೆಲವೆಡೆ ಈರುಳ್ಳಿ, ಆಲೂಗಡ್ಡೆಗೂ ಪ್ಯಾಡ್ ಕೊಟ್ಟದ್ದುಂಟು. ಮಾರುವಾಕೆಯೇ ಬಳಸುವುದನ್ನೂ ಹೇಳಿಕೊಡುತ್ತಾಳೆ. ಕಾಲೇಜಿನ ಹಾಳೆಯಲ್ಲಿ ಬಾರದ ಮಾತು ಇಲ್ಲಿ ತಾನಾಗಿ ಬರುತ್ತದೆ; ಒದ್ದೆ ನಿಲ್ಲುತ್ತಿಲ್ಲ, ಅಂಚು ಒತ್ತುತ್ತದೆ ಎಂದು ಮಾಡಿದವಳಿಗೇ ಹೇಳಬಹುದು, ಮರುದಿನದ ಪ್ಯಾಡನ್ನು ಆಕೆ ಬದಲಿಸಬಹುದು.