ವಿಮಾನ ನಿಲ್ದಾಣದಲ್ಲಿ ಸ್ಪರ್ಶರಹಿತ ಗುರುತು ಪರಿಶೀಲನೆ: ಡಿಜಿ ಯಾತ್ರಾ ಹಾಗೂ ಸಂಬಂಧಿತ ಸೌಲಭ್ಯಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮಂಚೇನಹಳ್ಳಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಭಾಗದ ನಾಗರಿಕರು ವಿಮಾನ ಪ್ರಯಾಣಕ್ಕೆ ಸಾಮಾನ್ಯವಾಗಿ ಅವಲಂಬಿಸಿರುವುದು ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು. 2008ರ ಮೇ 24ರಂದು ಕಾರ್ಯಾರಂಭ ಮಾಡಿದ ಈ ನಿಲ್ದಾಣದಲ್ಲಿ 2022ರ ಡಿಸೆಂಬರ್ 1ರಿಂದ ಡಿಜಿ ಯಾತ್ರಾ ಎಂಬ ಸೌಲಭ್ಯ ಜಾರಿಯಲ್ಲಿದೆ. ಅದೇ ದಿನ ದೆಹಲಿ ಮತ್ತು ವಾರಾಣಸಿ ನಿಲ್ದಾಣಗಳಲ್ಲಿಯೂ ಇದು ಆರಂಭಗೊಂಡು, ನಂತರ ದೇಶದ ಇತರ ನಿಲ್ದಾಣಗಳಿಗೆ ವಿಸ್ತರಿಸಲ್ಪಟ್ಟಿತು. ಪ್ರಯಾಣಿಕರ ಮುಖವನ್ನೇ ಗುರುತಿನ ಆಧಾರವಾಗಿ ಪರಿಗಣಿಸಿ, ಕಾಗದಪತ್ರಗಳನ್ನು ಪದೇ ಪದೇ ತೋರಿಸುವ ಅಗತ್ಯವನ್ನು ತಪ್ಪಿಸುವುದು ಇದರ ಉದ್ದೇಶವಾಗಿರುತ್ತದೆ.

ಈ ಸೌಲಭ್ಯವನ್ನು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ನೀತಿಯನ್ವಯ, 2019ರಲ್ಲಿ ಸ್ಥಾಪಿತವಾದ ಡಿಜಿ ಯಾತ್ರಾ ಫೌಂಡೇಶನ್ ಎಂಬ ಲಾಭರಹಿತ ಕಂಪನಿಯು ನಿರ್ವಹಿಸುತ್ತಿದೆ. ಸದರಿ ಕಂಪನಿಯಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಶೇ. 26ರಷ್ಟು ಪಾಲು ಹೊಂದಿದ್ದು, ಉಳಿದ ಪಾಲು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ ಮತ್ತು ಕೊಚ್ಚಿ ನಿಲ್ದಾಣಗಳ ಕಂಪನಿಗಳಲ್ಲಿ ಹಂಚಿಕೆಯಾಗಿದೆ. ನಾಗರಿಕರಿಂದ ಯಾವುದೇ ಶುಲ್ಕವನ್ನು ಪಡೆಯಲಾಗುವುದಿಲ್ಲ.

ನೋಂದಣಿ ಮತ್ತು ಬಳಕೆಯ ವಿಧಾನ

ಪ್ರಯಾಣಿಕರು ಮೊಬೈಲ್‌ನಲ್ಲಿ ಡಿಜಿ ಯಾತ್ರಾ ಆ್ಯಪ್ ಅಳವಡಿಸಿಕೊಂಡು, ಆಧಾರ್ ಮೂಲಕ ಗುರುತನ್ನು ದೃಢೀಕರಿಸಿ, ತಮ್ಮ ಮುಖದ ಛಾಯಾಚಿತ್ರವನ್ನು ಸ್ಥಳದಲ್ಲಿಯೇ ತೆಗೆದುಕೊಳ್ಳಬೇಕು. ಆಧಾರ್‌ನಲ್ಲಿನ ಚಿತ್ರಕ್ಕೂ ಇದಕ್ಕೂ ತಾಳೆಯಾದಲ್ಲಿ ದೃಢೀಕೃತ ಗುರುತು ಸಿದ್ಧವಾಗಿ ಆ ಮೊಬೈಲ್‌ನಲ್ಲಿಯೇ ಉಳಿಯುತ್ತದೆ. ಟಿಕೆಟ್ ಕಾಯ್ದಿರಿಸಿ ಚೆಕ್-ಇನ್ ಮುಗಿಸಿದ ನಂತರ ಬೋರ್ಡಿಂಗ್ ಪಾಸನ್ನು ಆ್ಯಪ್‌ಗೆ ಸೇರಿಸಿ, ಹೊರಡುವ ನಿಲ್ದಾಣದೊಂದಿಗೆ ಹಂಚಿಕೊಳ್ಳತಕ್ಕದ್ದು. ನಿಲ್ದಾಣದ ಪ್ರವೇಶದ್ವಾರದಲ್ಲಿ ಬೋರ್ಡಿಂಗ್ ಪಾಸನ್ನು ಯಂತ್ರಕ್ಕೆ ತೋರಿಸಿ ಕ್ಯಾಮೆರಾ ನೋಡಿದ ಕೂಡಲೇ ಗೇಟು ತೆರೆಯುತ್ತದೆ.

ಇದರಿಂದ ಉಳಿಯುವುದು ಸರತಿ ಸಾಲಿನ ಸಮಯ ಮಾತ್ರ. ಭದ್ರತಾ ಸಿಬ್ಬಂದಿಯಿಂದ ನಡೆಯುವ ದೇಹ ತಪಾಸಣೆ, ಬ್ಯಾಗುಗಳ ಎಕ್ಸ್-ರೇ ಪರೀಕ್ಷೆ ಎಂದಿನಂತೆಯೇ ಇರುತ್ತವೆ. ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿಗೆ ಬಂದು ಮುಖ ತೋರಿಸಿದರೆ ಲಗೇಜನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಚಿಕ್ಕಬಳ್ಳಾಪುರ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬರುವವರು ಹೊರಡುವ ವೇಳೆಯನ್ನು ತಡ ಮಾಡತಕ್ಕದ್ದಲ್ಲ. ಮೂಲ ಗುರುತಿನ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದೂ ಸೂಕ್ತ.

ಹೆಸರಿನ ವ್ಯತ್ಯಾಸ

ಈ ಭಾಗದ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ಬೋರ್ಡಿಂಗ್ ಪಾಸಿನಲ್ಲಿನ ಹೆಸರು ಆಧಾರ್‌ನಲ್ಲಿನ ಹೆಸರಿಗೆ ಹೊಂದಿಕೆಯಾಗದಿದ್ದಲ್ಲಿ ಆ್ಯಪ್ ಅದನ್ನು ಸ್ವೀಕರಿಸುವುದಿಲ್ಲ. ನಮ್ಮ ಕಡೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಕೆಲವರು ಹೆಸರಿನ ಮುಂದೆ, ಕೆಲವರು ಹಿಂದೆ ಬರೆಯುವುದು ರೂಢಿ. ಉಪನಾಮವೇ ಇಲ್ಲದವರೂ ಬಹಳ. ಟಿಕೆಟ್ ಕಾಯ್ದಿರಿಸುವ ತಾಣಗಳಾದರೋ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಅಂಕಣಗಳನ್ನು ಕಡ್ಡಾಯವಾಗಿ ಕೇಳುತ್ತವೆ. ಉದಾಹರಣೆಗೆ, ಆಧಾರ್‌ನಲ್ಲಿ ‘ನಾರಾಯಣ ಸ್ವಾಮಿ ಎನ್’ ಎಂದಿರುವವರ ಟಿಕೆಟ್ಟಿನಲ್ಲಿ ಏಜೆಂಟರು ಮೊದಲಕ್ಷರವನ್ನು ತಾವೇ ಬಿಡಿಸಿ ‘ನಾರಾಯಣಸ್ವಾಮಿ ನಂಜಪ್ಪ’ ಎಂದು ನಮೂದಿಸಿದರೆ, ವ್ಯಕ್ತಿ ಒಬ್ಬರೇ ಆದರೂ ಯಂತ್ರದ ಲೆಕ್ಕದಲ್ಲಿ ಇಬ್ಬರಾಗುತ್ತಾರೆ. ಇದು ಪ್ರಯಾಣಿಕರ ತಪ್ಪೇನೂ ಅಲ್ಲ. ನಮೂನೆಯನ್ನು ರೂಪಿಸಿದವರು ದಕ್ಷಿಣದ ಹೆಸರುಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಇದಕ್ಕಾಗಿ ಆತುರದಲ್ಲಿ ಆಧಾರ್ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದು ಸೂಕ್ತವಲ್ಲ. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಿತಾವಧಿಯಲ್ಲಿ ಎರಡು ಬಾರಿ ಮಾತ್ರ ಅವಕಾಶವಿದ್ದು, ಒಂದು ಪ್ರಯಾಣಕ್ಕಾಗಿ ತಿದ್ದಿಸಿದ ಹೆಸರು ಬ್ಯಾಂಕ್ ಖಾತೆ, ಪ್ಯಾನ್, ಪಹಣಿ ಹಾಗೂ ಪಿಂಚಣಿ ದಾಖಲೆಗಳೊಂದಿಗೆ ಹೊಸ ವ್ಯತ್ಯಾಸವನ್ನು ಹುಟ್ಟುಹಾಕಬಹುದು. ದೇಶದೊಳಗಿನ ಟಿಕೆಟನ್ನು ಆಧಾರ್‌ನಲ್ಲಿರುವ ಇಂಗ್ಲಿಷ್ ಅಕ್ಷರಗಳಂತೆಯೇ ಕಾಯ್ದಿರಿಸುವುದು ಇದಕ್ಕಿಂತ ಸುಲಭ. ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಹಳೆಯದಾಗಿದ್ದಲ್ಲಿ ಮಾತ್ರ ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಒಟಿಪಿ ಬರುವುದು ಅದೇ ಸಂಖ್ಯೆಗೆ.

ಒಪ್ಪಿಗೆ ಮತ್ತು ಮಾಹಿತಿಯ ರಕ್ಷಣೆ

ಡಿಜಿ ಯಾತ್ರಾ ಕಡ್ಡಾಯವಲ್ಲ. 2024ರ ಆರಂಭದಲ್ಲಿ, ಕೆಲವು ನಿಲ್ದಾಣಗಳ ಪ್ರವೇಶದ್ವಾರದಲ್ಲಿ ಸ್ಪಷ್ಟ ಒಪ್ಪಿಗೆ ಇಲ್ಲದೆ ಪ್ರಯಾಣಿಕರ ಮುಖಚಿತ್ರ ಪಡೆಯಲಾಗುತ್ತಿದೆ ಎಂಬ ದೂರುಗಳು ಕೇಳಿಬಂದಿದ್ದವು. ಸೌಲಭ್ಯವು ಸಂಪೂರ್ಣವಾಗಿ ಐಚ್ಛಿಕವೆಂದು ಸಚಿವಾಲಯವು ತಿಳಿಸಿದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಅಥವಾ ಮುಖಚಿತ್ರ ನೀಡಲು ಇಷ್ಟವಿಲ್ಲದವರು ಯಾವುದೇ ಕಾರಣ ನೀಡದೆ ಸಾಮಾನ್ಯ ಸಾಲಿನಲ್ಲಿ ಆಧಾರ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ ಇತ್ಯಾದಿ ತೋರಿಸಿ ಪ್ರವೇಶಿಸಬಹುದಾಗಿದೆ. ನಿಲ್ದಾಣಕ್ಕೆ ಹಂಚಿಕೊಂಡ ಮಾಹಿತಿಯನ್ನು ವಿಮಾನ ಹೊರಟ 24 ಗಂಟೆಗಳೊಳಗೆ ಅಳಿಸಿಹಾಕುವ ವ್ಯವಸ್ಥೆ ಇದೆಯೆಂದು ನೀತಿಯಲ್ಲಿ ತಿಳಿಸಲಾಗಿದೆ.

ಸೈಬರ್ ಸೆಂಟರ್ ಅಥವಾ ಪರಿಚಯದವರ ಮೊಬೈಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಬಾರದು. ದೃಢೀಕೃತ ಗುರುತು ಆ ಮೊಬೈಲ್‌ನಲ್ಲಿಯೇ ಉಳಿಯುತ್ತದೆಯಲ್ಲದೆ ನಿಲ್ದಾಣದಲ್ಲಿ ಉಪಯೋಗಕ್ಕೂ ಬಾರದು. 2024ರಲ್ಲಿ ಹಳೆಯ ಆ್ಯಪ್ ಬದಲಿಗೆ ಹೊಸದನ್ನು ಜಾರಿಗೊಳಿಸಿರುವುದರಿಂದ, ಅದಕ್ಕೂ ಮುನ್ನ ನೋಂದಾಯಿಸಿದವರು ಹಳೆಯದನ್ನು ತೆಗೆದುಹಾಕಿ ಮರುನೋಂದಣಿ ಮಾಡಿಕೊಳ್ಳತಕ್ಕದ್ದು.

ವಿದೇಶ ಪ್ರಯಾಣಿಕರಿಗೆ

ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ತೆರಳುವವರು, ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಪೋಷಕರು ಡಿಜಿ ಯಾತ್ರಾವನ್ನು ನೆಚ್ಚಿಕೊಳ್ಳುವಂತಿಲ್ಲ. ಅದನ್ನು ರೂಪಿಸಿರುವುದು ದೇಶದೊಳಗಿನ ಪ್ರಯಾಣಕ್ಕಾಗಿ. ಅಂತಹವರಿಗೆ ಕೇಂದ್ರ ಗೃಹ ಸಚಿವಾಲಯದ ತ್ವರಿತ ವಲಸೆ ಪರಿಶೀಲನಾ ಯೋಜನೆಯು 2025ರ ಜನವರಿ 16ರಿಂದ ಬೆಂಗಳೂರಿನಲ್ಲಿಯೂ ಲಭ್ಯವಿದೆ. ಭಾರತೀಯ ನಾಗರಿಕರು ಹಾಗೂ ಒಸಿಐ ಕಾರ್ಡುದಾರರು ಆನ್‌ಲೈನ್‌ನಲ್ಲಿ ಉಚಿತವಾಗಿ ಅರ್ಜಿ ಸಲ್ಲಿಸಿ, ಅನುಮೋದನೆಯ ನಂತರ ಬೆರಳಚ್ಚು ಮತ್ತು ಮುಖಚಿತ್ರ ನೀಡಬೇಕಾಗುತ್ತದೆ. ನೋಂದಣಿಯು ಐದು ವರ್ಷ ಅಥವಾ ಪಾಸ್‌ಪೋರ್ಟ್ ಅವಧಿ, ಇವೆರಡರಲ್ಲಿ ಮೊದಲು ಮುಗಿಯುವವರೆಗೆ ಚಾಲ್ತಿಯಲ್ಲಿರುತ್ತದೆ. ಇಲ್ಲಿ ಟಿಕೆಟ್ಟಿನ ಹೆಸರು ಆಧಾರ್‌ಗಲ್ಲ, ಪಾಸ್‌ಪೋರ್ಟಿಗೆ ಹೊಂದಿರಬೇಕು.

ಸ್ಪರ್ಶವಿಲ್ಲದೆ ಓದಬಹುದಾದ ಚಿಪ್ ಉಳ್ಳ ಇ-ಪಾಸ್‌ಪೋರ್ಟ್ ವಿತರಣೆಯು 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡಿತು. ಮುಖಪುಟದ ಕೆಳಭಾಗದ ಚಿನ್ನದ ಬಣ್ಣದ ಚಿಹ್ನೆಯಿಂದ ಇದನ್ನು ಗುರುತಿಸಬಹುದು. ಈಗಿರುವ ಪಾಸ್‌ಪೋರ್ಟುಗಳು ಅವುಗಳ ಅವಧಿ ಮುಗಿಯುವವರೆಗೂ ಸಿಂಧುವಾಗಿರುವುದರಿಂದ, ಚಿಪ್ ಇಲ್ಲವೆಂಬ ಒಂದೇ ಕಾರಣಕ್ಕೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ.