ರಿವಾಯತ ಪದಗಳಲ್ಲಿ ಶೋಕದ ಸ್ವರೂಪ: ಭಂಕೂರ–ಶಹಾಬಾದ್ ಸೀಮೆಯ ಹಿನ್ನೆಲೆಯಲ್ಲಿ

ಸಾವಿನ ಮುಂದೆ ಜನಪದರು ಎರಡು ಬಗೆಯಲ್ಲಿ ಅಳುತ್ತಾರೆ. ತಮ್ಮವರ ಸಾವಿಗೆ ತಾವೇ ಅಳುವುದು ಒಂದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹೆಣದ ಮುಂದೆ ಕುಳಿತು, ಸತ್ತವರ ಗುಣಗಳನ್ನು ಎಣಿಸುತ್ತ ಹಾಡಿಕೊಂಡು ಅಳುವ ರೂಢಿ ಈ ಬಗೆಯದು. ಎಂದೋ, ಎಲ್ಲಿಯೋ ಸತ್ತವರಿಗಾಗಿ ಇಡೀ ಊರು ಕೂಡಿ ಅಳುವುದು ಇನ್ನೊಂದು. ಮೊಹರಂ ಸಂದರ್ಭದ ರಿವಾಯತ ಪದಗಳು ಈ ಎರಡನೆಯ ಬಗೆಗೆ ಸೇರಿವೆ. ಪರರ ದುಃಖವನ್ನು ಹಾಡುವ ಈ ಪದಗಳು ಹಾಡುವವರ ಮತ್ತು ಕೇಳುವವರ ಸ್ವಂತ ದುಃಖಕ್ಕೆ ಹೇಗೆ ದಾರಿಯಾಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲಬುರಗಿ ಜಿಲ್ಲೆಯ ಭಂಕೂರ ಗ್ರಾಮ ಶಹಾಬಾದ್ ಪಟ್ಟಣಕ್ಕೆ ಹೊಂದಿಕೊಂಡಂತಿದೆ. ಕಾಗಿಣಾ ನದಿ ಹರಿಯುವ ಈ ಸೀಮೆ ನೆಲಹಾಸಿನ ಶಹಾಬಾದ್ ಕಲ್ಲಿಗೂ ಸಿಮೆಂಟಿಗೂ ಹೆಸರಾದುದು. ಚಿತ್ತಾಪುರ, ವಾಡಿ, ಸೇಡಂ, ಚಿಂಚೋಳಿಗಳನ್ನು ಒಳಗೊಂಡ ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಮನೆ ಮತ್ತು ಹೊಲಗಳ ಭಾಷೆಗಳು ಕನ್ನಡ, ದಖನಿ ಮತ್ತು ತೆಲುಗು. ಅರಬ್ಬಿ ಮೂಲದ ಕಥೆಯೊಂದು ಕನ್ನಡದ ಹಾಡಾಗಿ ಬೆಳೆದುದು ಇಂತಹ ಬಹುಭಾಷಿಕ ಪರಿಸರದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಕಥೆಯ ಮೂಲ

ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಇಂದಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಯಜೀದನ ಸೈನ್ಯದ ಎದುರು ಮಡಿದರು. ಯಜೀದನ ಅಧಿಕಾರಕ್ಕೆ ಒಪ್ಪಿಗೆ ಕೊಡಲು ಅವರು ನಿರಾಕರಿಸಿದ್ದರು. ಅವರೊಡನೆ ಮಡಿದವರು 72 ಮಂದಿ ಎಂಬುದು ಸಂಪ್ರದಾಯದ ಎಣಿಕೆ. ಯುದ್ಧಕ್ಕೆ ಮೊದಲೇ ಯೂಫ್ರಟಿಸ್ ನದಿಯ ನೀರನ್ನು ಅವರ ಬಿಡಾರಕ್ಕೆ ತಡೆಹಿಡಿಯಲಾಗಿತ್ತು.

ದಖನ್ನಿನಲ್ಲಿ ಈ ಕಥೆ ಬೇರೂರಲು ಅರಸೊತ್ತಿಗೆಗಳ ಆಶ್ರಯವೂ ಕಾರಣವಾಯಿತು. 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿಗಳ ಕಾಲದಿಂದ ಪರ್ಷಿಯಾದೊಡನೆ ನಿಕಟ ಸಂಪರ್ಕವಿತ್ತು. 16ನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಯೂಸುಫ್ ಆದಿಲ್ ಶಾಹ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದನು. ಗೋಲ್ಕೊಂಡದ ಕುತುಬ್ ಶಾಹಿಗಳು ಹೈದರಾಬಾದಿನಲ್ಲಿ ಬಾದಶಾಹಿ ಆಶೂರಖಾನೆಯನ್ನು ಕಟ್ಟಿಸಿದರು. ಆಸ್ಥಾನಗಳಲ್ಲಿ ದಖನಿಯ ಮರ್ಸಿಯಾ ಎಂಬ ಶೋಕಕಾವ್ಯ ಬೆಳೆಯಿತು. ಹಳ್ಳಿಗಳಲ್ಲಿ ಕನ್ನಡದ ರಿವಾಯತ ಬೆಳೆಯಿತು. ಆಸ್ಥಾನಗಳು ಅಳಿದ ಮೇಲೂ ಹಳ್ಳಿಯ ಹಾಡು ಉಳಿದುಕೊಂಡಿತು.

ದುಃಖಕ್ಕೊಂದು ಸ್ಥಳ, ಒಂದು ಅವಧಿ

ಅಲಾಯಿ ಹಬ್ಬವೆಂದು ಕರೆಯಲ್ಪಡುವ ಮೊಹರಂ ಆಚರಣೆಯ ವಿಧಿಗಳು ಊರಿಂದೂರಿಗೆ ಅಷ್ಟಿಷ್ಟು ಬದಲಾದರೂ ಅವುಗಳ ಚೌಕಟ್ಟು ಒಂದೇ. ಚಂದ್ರದರ್ಶನವಾದ ಬಳಿಕ ಆಶೂರಖಾನೆಯ ಮುಂದೆ ಗುದ್ದಲಿ ಹಾಕಿ ಅಲಾಯಿ ಕುಣಿಯನ್ನು ತೋಡುತ್ತಾರೆ. ಒಳಗೆ ಪಂಜಾಗಳನ್ನು ಕೂಡ್ರಿಸುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ. ಹತ್ತನೆಯ ದಿನದ ಹಿಂದಿನ ರಾತ್ರಿ ಕತ್ತಲರಾತ್ರಿ. ಇದರ ಮೂಲದಲ್ಲಿರುವ ‘ಕತ್ಲ್’ ಎಂಬ ಅರಬ್ಬಿ ಪದಕ್ಕೆ ಕೊಲೆ ಎಂದರ್ಥ. ಕನ್ನಡದ ಕಿವಿ ಅದನ್ನು ಕತ್ತಲೆಯೆಂದು ಕೇಳಿಸಿಕೊಂಡಿತು. ಈ ಪದವ್ಯತ್ಯಾಸದಿಂದ ಅರ್ಥ ಕೆಡಲಿಲ್ಲ, ಬದಲಾಗಿ ಆಳವಾಯಿತು. ಮರುದಿನ ಪಂಜಾಗಳನ್ನು ನೀರಿನ ಕಡೆಗೆ ಒಯ್ದು ಹಬ್ಬವನ್ನು ಮುಗಿಸುತ್ತಾರೆ. ದೇವರು ಹೊಳೆಗೆ ಹೋದವು ಎಂಬುದು ಜನರ ಮಾತು.

ಈ ವಿಧಿಕ್ರಮದಲ್ಲಿ ಶೋಕಕ್ಕೆ ಒಂದು ಕುಣಿ, ಒಂದು ಅವಧಿ ಮತ್ತು ಒಂದು ಬೀಳ್ಕೊಡುಗೆ ಗೊತ್ತಾಗಿವೆ. ಮನೆಯೊಳಗಿನ ದುಃಖಕ್ಕೆ ಇವು ಇರುವುದಿಲ್ಲ. ಸಾವಿನ ಮನೆಯಲ್ಲಿ ದಿನಕರ್ಮಗಳು ಮುಗಿದ ಬಳಿಕ ಉಳಿದವರು ಕೆಲಸಕ್ಕೆ ಮರಳಲೇಬೇಕು. ಗಂಡಸು ಅಳಬಾರದೆಂಬ ಕಟ್ಟುಪಾಡೂ ಇದೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವವರು ಬಹುಪಾಲು ಗಂಡಸರೇ. ಹಿಂದಿನ ವರ್ಷ ಮಗನನ್ನು ಕಳೆದುಕೊಂಡ ತಂದೆ ಅಲ್ಲಿ ಹುಸೇನರ ಮಗನಿಗಾಗಿ ಕಣ್ಣೀರಿಟ್ಟರೆ, ನಿನ್ನ ಅಳು ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ. ದುಡಿಯುವ ಗಂಡಸರಿಗೆ ಊರು ನೀಡಿದ ಅಳುವ ಅನುಮತಿಯೆಂದೇ ರಿವಾಯತವನ್ನು ಗ್ರಹಿಸಬಹುದು.

ಪದಗಳ ವಸ್ತು

ರಿವಾಯತ ಎಂಬ ಅರಬ್ಬಿ ಪದಕ್ಕೆ ನಿರೂಪಣೆ, ಒಬ್ಬರಿಂದ ಒಬ್ಬರಿಗೆ ದಾಟಿಬಂದ ಹೇಳಿಕೆ ಎಂಬ ಅರ್ಥಗಳಿವೆ. ಕನ್ನಡದಲ್ಲಿ ಅದು ಹಾಡಿನ ಪ್ರಕಾರದ ಹೆಸರಾಯಿತು. ಮುಮ್ಮೇಳ ಹಾಡಿದ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಪದದ ಕೊನೆಯಲ್ಲಿ ಕವಿಯು ತನ್ನ ಊರನ್ನೂ ಗುರುವನ್ನೂ ನೆನೆಯುವ ಅಂಕಿತವಿರುವುದುಂಟು. ಹಸನ–ಹುಸೇನರು ಇಲ್ಲಿ ಶರಣರಾಗುತ್ತಾರೆ. ಕಥೆ ಅರಬ್ಬರದಾದರೂ ಕರುಳು ಈ ನೆಲದ್ದು.

ಈ ಪದಗಳಲ್ಲಿ ಮತ್ತೆ ಮತ್ತೆ ಬರುವ ವಸ್ತು ನೀರಡಿಕೆ. ಆರು ತಿಂಗಳ ಕೂಸು ಅಲಿ ಅಸ್ಗರನನ್ನು ಎತ್ತಿಹಿಡಿದು ತಂದೆ ನೀರು ಕೇಳಿದಾಗ ಬಂದುದು ಬಾಣ. ನೀರು ತರಲು ಹೊಳೆಗೆ ಹೋದ ಅಬ್ಬಾಸರು ಎರಡೂ ತೋಳುಗಳನ್ನು ಕಳೆದುಕೊಂಡರು. ಬೇಸಿಗೆಯಲ್ಲಿ ಬಾವಿ ಬತ್ತುವ ಈ ಸೀಮೆಯ ಕೇಳುಗರಿಗೆ ಆ ದಾಹವನ್ನು ವಿವರಿಸಿ ಹೇಳಬೇಕಾಗಿಲ್ಲ. ಇದನ್ನು ‘ಕೆರೆಗೆ ಹಾರ’ ಕಥನಗೀತೆಯ ಜೊತೆಗಿಟ್ಟು ನೋಡಬಹುದು. ಅಲ್ಲಿ ನೀರು ಬರಲೆಂದು ಸೊಸೆ ಭಾಗೀರಥಿಯ ಜೀವವನ್ನು ಕೊಡಲಾಗುತ್ತದೆ. ಇಲ್ಲಿ ಜೀವ ತೆಗೆಯಲೆಂದು ನೀರನ್ನು ತಡೆಯಲಾಗುತ್ತದೆ. ಎರಡರಲ್ಲಿಯೂ ನೀರಿನ ಲೆಕ್ಕಕ್ಕೆ ಬಲಿಯಾಗುವವರು ಮನೆಯ ಕಿರಿಯರೇ.

ಮನುಷ್ಯನ ಕ್ರೌರ್ಯವನ್ನು ಇಷ್ಟು ನಿಷ್ಠುರವಾಗಿ ಹೇಳುವ ಕಥೆಯು ಅವನ ಔನ್ನತ್ಯವನ್ನೂ ಬಿಟ್ಟುಕೊಡುವುದಿಲ್ಲ. ಹುರ್ ಎಂಬ ಸೇನಾನಿಯ ಪ್ರಸಂಗ ಇದಕ್ಕೆ ನಿದರ್ಶನ. ಹುಸೇನರ ದಾರಿಯನ್ನು ಮೊದಲು ಅಡ್ಡಗಟ್ಟಿದವನು ಅವನೇ. ಯುದ್ಧದ ಬೆಳಗ್ಗೆ ತಾನು ನಿಂತ ಪಕ್ಷವನ್ನು ತೊರೆದು, ಸೋಲು ಖಚಿತವೆಂದು ಗೊತ್ತಿದ್ದ ಎದುರು ಪಕ್ಷಕ್ಕೆ ಬಂದು ಪ್ರಾಣ ಕೊಟ್ಟವನೂ ಅವನೇ. ಅತ್ಯಂತ ಕೆಟ್ಟದ್ದು ಮತ್ತು ಅತ್ಯಂತ ಒಳ್ಳೆಯದು ಇಲ್ಲಿ ಇಬ್ಬರು ಮನುಷ್ಯರಲ್ಲಿ ಹಂಚಿಹೋಗಿಲ್ಲ, ಒಬ್ಬನ ಎದೆಯಲ್ಲೇ ಇವೆ. ಮನುಷ್ಯ ಮರಳಬಲ್ಲ ಎಂಬ ಭರವಸೆಯನ್ನು ಶೋಕದ ನಟ್ಟನಡುವೆ ಉಳಿಸುವುದು ಈ ಪ್ರಸಂಗದ ಸಾರ್ಥಕತೆ.

ಇನ್ನೊಂದು ನಿದರ್ಶನ ಹುಸೇನರ ತಂಗಿ ಜೈನಬರದು. ಸೆರೆಯಾಳಾಗಿ ದಮಾಸ್ಕಸ್ಸಿಗೆ ಒಯ್ಯಲ್ಪಟ್ಟ ಅವರು ಯಜೀದನ ಸಭೆಯಲ್ಲಿ ನಿಂತು ನಡೆದುದನ್ನು ಹೇಳಿದರು ಎಂಬುದು ಪರಂಪರೆಯ ನಿರೂಪಣೆ. ಗೆದ್ದವನ ಕೈಯಲ್ಲಿ ಅಧಿಕಾರ ಉಳಿಯಿತು. ಕಥೆ ಮಾತ್ರ ಉಳಿದ ಹೆಣ್ಣಿನ ಬಾಯಲ್ಲಿ ಉಳಿಯಿತು. ಹೇಳಿಕೆ ಎಂಬ ಅರ್ಥದ ರಿವಾಯತ ಪದಕ್ಕೆ ಇದಕ್ಕಿಂತ ಸಮರ್ಪಕವಾದ ಹಿನ್ನೆಲೆ ಬೇಕಿಲ್ಲ. ಕಳೆದುಕೊಂಡವರಿಗೆ ಉಳಿದಿರುವ ಒಂದೇ ಬಲವೆಂದರೆ ನಡೆದುದನ್ನು ಇದ್ದಂತೆ ಹೇಳುವುದು.

ಇಂದಿನ ಸ್ಥಿತಿ

ಮುಸ್ಲಿಂ ಕುಟುಂಬಗಳೇ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ದೇವರನ್ನು ಕೂಡ್ರಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿದೆ. ಹಾಡುವ ಮೇಳಗಳಲ್ಲಿ ಹಲವು ಜಾತಿಯವರಿದ್ದಾರೆ. ಇತ್ತೀಚಿನ ದಶಕಗಳಲ್ಲಿ ಇದು ನಮ್ಮ ಧರ್ಮದ್ದಲ್ಲ ಎಂಬ ಆಕ್ಷೇಪ ಎರಡೂ ಕಡೆಗಳಿಂದ ಕೇಳಿಬರುತ್ತಿದೆ. ಯುವಕರು ದುಡಿಮೆಗಾಗಿ ನಗರಗಳಿಗೆ ಹೋಗಿದ್ದಾರೆ. ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕುವ, ಧ್ವನಿಮುದ್ರಿಸುವ ಕೆಲಸ ನಡೆದಿದೆ, ನಡೆಯಲೂ ಬೇಕು. ಆದರೆ ಅಚ್ಚಾದ ಪದ ಅಳುವವನ ಪಕ್ಕದಲ್ಲಿ ಹೆಜ್ಜೆ ಹಾಕುವುದಿಲ್ಲ ಎಂಬ ಮಿತಿಯನ್ನು ಸಂಗ್ರಾಹಕರು ಅರಿತಿರಬೇಕು.

ರಿವಾಯತ ಕಣ್ಮರೆಯಾದರೆ ಹೋಗುವುದು ಒಂದು ಹಾಡಿನ ಪ್ರಕಾರವಷ್ಟೇ ಅಲ್ಲ. ನೆರೆಯವನ ದುಃಖದ ಮರೆಯಲ್ಲಿ ತನ್ನ ದುಃಖವನ್ನು ಇಳಿಸಿಕೊಳ್ಳುವ, ತನ್ನ ದುಃಖದ ಬೆಳಕಿನಲ್ಲಿ ನೆರೆಯವನನ್ನು ಗುರುತಿಸುವ ಒಂದು ಸಾಮೂಹಿಕ ವ್ಯವಸ್ಥೆಯೇ ಇಲ್ಲವಾಗುತ್ತದೆ. ಹಬ್ಬ ಮುಗಿದ ಮೇಲೆ ಅಲಾಯಿ ಕುಣಿಯನ್ನು ಮಣ್ಣಿನಿಂದ ಮುಚ್ಚುತ್ತಾರೆ; ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ತೋಡುತ್ತಾರೆ. ದುಃಖವನ್ನು ಮರೆಯದೆ ಬದುಕುವ ಕ್ರಮವನ್ನು ಜನಪದರು ಆ ಜಾಗದಲ್ಲಿಯೇ ಗುರುತು ಮಾಡಿಟ್ಟಿದ್ದಾರೆ.