ಚೀನೀ ವೈದ್ಯಪದ್ಧತಿಯಲ್ಲಿ ಋತುಚರ್ಯೆ

ಚೀನೀ ವೈದ್ಯಪದ್ಧತಿಯಲ್ಲಿ ಋತುಚರ್ಯೆ ಎಂದರೆ ನಿದ್ರೆ, ಆಹಾರ, ವ್ಯಾಯಾಮ ಹಾಗೂ ಮನೋಭಾವಗಳನ್ನು ವರ್ಷದ ಋತುಗಳಿಗೆ ಅನುಸಾರವಾಗಿ ಹೊಂದಿಸಿಕೊಳ್ಳುವ ಕ್ರಮ. ಇದು 'ಯಾಂಗ್‌ಶೆಂಗ್' ಎಂಬ ವಿಶಾಲವಾದ ಸಂಪ್ರದಾಯದ ಒಂದು ಭಾಗ. 'ಯಾಂಗ್' ಎಂದರೆ ಪೋಷಿಸು, 'ಶೆಂಗ್' ಎಂದರೆ ಜೀವ. ಆದ್ದರಿಂದ ಈ ಪದವನ್ನು ಜೀವಪೋಷಣೆ ಎಂದು ಅರ್ಥೈಸಬಹುದು. ಇಲ್ಲಿನ 'ಯಾಂಗ್' ಪದವು ಯಿನ್-ಯಾಂಗ್ ತತ್ತ್ವದ 'ಯಾಂಗ್' ಅಲ್ಲ. ಚೀನೀ ಭಾಷೆಯಲ್ಲಿ ಇವೆರಡರ ಲಿಪಿಚಿಹ್ನೆಗಳೂ ಸ್ವರಗಳೂ ಬೇರೆ ಬೇರೆ. ರೋಗ ಬಂದ ಮೇಲೆ ಚಿಕಿತ್ಸೆ ನೀಡುವುದಕ್ಕಿಂತ ರೋಗ ಬಾರದಂತೆ ಬದುಕುವುದು ಈ ಸಂಪ್ರದಾಯದ ಮುಖ್ಯ ಗುರಿ. ದೇಹಪಾಲನೆಯ ಜೊತೆಗೆ ಮನಸ್ಸಿನ ಶಿಸ್ತನ್ನೂ ಇದು ಋತುಚಕ್ರಕ್ಕೆ ಜೋಡಿಸುತ್ತದೆ.

ಇತಿಹಾಸ

ಜೀವಪೋಷಣೆಯ ಕಲ್ಪನೆಯು ವೈದ್ಯಗ್ರಂಥಗಳಿಗಿಂತ ಹಳೆಯದು. ದಾವೋ ಪಂಥದ ಪ್ರಾಚೀನ ಗ್ರಂಥವಾದ 'ಜುವಾಂಗ್‌ಜಿ'ಯ ಮೂರನೆಯ ಅಧ್ಯಾಯದ ಶೀರ್ಷಿಕೆಯಲ್ಲಿಯೇ ಯಾಂಗ್‌ಶೆಂಗ್ ಎಂಬ ಪದವಿದೆ. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಉತ್ಖನನಗೊಂಡ, ಕ್ರಿ.ಪೂ. 168ರ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ವ್ಯಾಯಾಮಚಿತ್ರ ದೊರೆಯಿತು. ಅದರಲ್ಲಿ ವಿವಿಧ ಭಂಗಿಗಳಲ್ಲಿರುವ 44 ಸ್ತ್ರೀಪುರುಷರ ಆಕೃತಿಗಳಿವೆ. ಹುಬೈ ಪ್ರಾಂತ್ಯದ ಜಾಂಗ್‌ಜಿಯಾಶಾನ್‌ನಲ್ಲಿ 1983-84ರಲ್ಲಿ ಸಿಕ್ಕ, ಬಿದಿರಿನ ಪಟ್ಟಿಗಳ ಮೇಲೆ ಬರೆದ 'ಯಿನ್‌ಶು' ಎಂಬ ಕೃತಿಯು ನಾಲ್ಕು ಋತುಗಳ ದಿನಚರಿಯಿಂದಲೇ ಆರಂಭವಾಗುತ್ತದೆ. ವಸಂತದಲ್ಲಿ ಬೇಗನೆ ಎದ್ದು, ಮುಖ ತೊಳೆದು, ಹಲ್ಲು ಶುಚಿಗೊಳಿಸಿ, ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ನಡೆದಾಡಿ, ಒಂದು ಬಟ್ಟಲು ನೀರು ಕುಡಿಯಬೇಕೆಂಬಂತಹ ಸರಳ ಸೂಚನೆಗಳು ಅದರಲ್ಲಿವೆ.

ಈ ವಿಚಾರಗಳಿಗೆ ಶಾಸ್ತ್ರೀಯ ರೂಪ ದೊರೆತದ್ದು 'ಹ್ವಾಂಗ್‌ಡಿ ನೈಚಿಂಗ್' ಗ್ರಂಥದಲ್ಲಿ. ಪೌರಾಣಿಕ ಹಳದಿ ಚಕ್ರವರ್ತಿಯು ಚೀಬೊ ಮೊದಲಾದ ಮಂತ್ರಿಗಳೊಡನೆ ನಡೆಸುವ ಸಂವಾದದ ರೂಪದಲ್ಲಿರುವ ಈ ಕೃತಿಯನ್ನು ಅನೇಕರು ಬೇರೆ ಬೇರೆ ಕಾಲದಲ್ಲಿ ರಚಿಸಿದ್ದಾರೆ. ಇದರ ಬಹುಭಾಗವು ಹಾನ್ ರಾಜವಂಶದ ಕಾಲದ್ದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 'ಸುವೆನ್' ಮತ್ತು 'ಲಿಂಗ್‌ಶು' ಎಂಬ ಇದರ ಎರಡು ಭಾಗಗಳಲ್ಲಿ ತಲಾ 81 ಅಧ್ಯಾಯಗಳಿವೆ. ಸುವೆನ್ ಭಾಗವನ್ನು ತಾಂಗ್ ರಾಜವಂಶದ ಕಾಲದಲ್ಲಿ, ಕ್ರಿ.ಶ. 762ರಲ್ಲಿ, ವಾಂಗ್ ಬಿಂಗ್ ಪರಿಷ್ಕರಿಸಿದನು. ಈ ಭಾಗದ ಎರಡನೆಯ ಅಧ್ಯಾಯವು ಸಂಪೂರ್ಣವಾಗಿ ಋತುಚರ್ಯೆಗೆ ಮೀಸಲಾಗಿದೆ.

7ನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ತನ್ನ ಕೃತಿಗಳಲ್ಲಿ ಆಹಾರ ಹಾಗೂ ಜೀವಪೋಷಣೆಗೆ ವಿಶೇಷ ಸ್ಥಾನ ನೀಡಿದನು. ಯುವಾನ್ ರಾಜವಂಶದ ಕಾಲದಲ್ಲಿ ಹು ಸಿಹುಯಿ 1330ರಲ್ಲಿ ಅರಮನೆಗೆ ಅರ್ಪಿಸಿದ ಆಹಾರಗ್ರಂಥದಲ್ಲಿ ಋತುವಿಗೆ ತಕ್ಕ ಆಹಾರದ ನಿರೂಪಣೆಯಿದೆ. ಮಿಂಗ್ ರಾಜವಂಶದ ಕಾಲದ ಗಾವೊ ಲಿಯಾನ್ 1591ರಲ್ಲಿ ಪ್ರಕಟಿಸಿದ 'ಜುನ್‌ಶೆಂಗ್ ಬಾಜಿಯಾನ್' ಕೃತಿಯಲ್ಲಿ ಔಷಧ ಮತ್ತು ವ್ಯಾಯಾಮಗಳ ಜೊತೆಗೆ ಹಾಂಗ್‌ಜೋ ನಗರದ ಪಶ್ಚಿಮ ಸರೋವರದ ಸುತ್ತ ಆಯಾ ಋತುವಿನಲ್ಲಿ ನೋಡಿ ಆನಂದಿಸಬೇಕಾದ ದೃಶ್ಯಗಳನ್ನೂ ವಿವರಿಸಲಾಗಿದೆ. ಸೌಂದರ್ಯಾಸ್ವಾದನೆಯನ್ನು ಕೂಡ ಆರೋಗ್ಯಸಾಧನೆಯ ಅಂಗವೆಂದು ಭಾವಿಸಲಾಗಿತ್ತು ಎಂಬುದಕ್ಕೆ ಇದು ಒಂದು ನಿದರ್ಶನ.

ತಾತ್ವಿಕ ಹಿನ್ನೆಲೆ

ಪ್ರಕೃತಿಯಲ್ಲಿಯೂ ಮನುಷ್ಯನ ದೇಹದಲ್ಲಿಯೂ 'ಚಿ' ಎಂಬ ಜೀವಶಕ್ತಿ ಸಂಚರಿಸುತ್ತದೆ ಎಂಬುದು ಈ ಪದ್ಧತಿಯ ಮೂಲ ನಂಬಿಕೆ. ವಸಂತ ಮತ್ತು ಬೇಸಿಗೆಯಲ್ಲಿ ಹೊರಮುಖವೂ ಉಷ್ಣವೂ ಆದ ಯಾಂಗ್ ವೃದ್ಧಿಸುತ್ತದೆ. ಶರತ್ಕಾಲ ಮತ್ತು ಚಳಿಗಾಲದಲ್ಲಿ ಒಳಮುಖವೂ ಶೀತಲವೂ ಆದ ಯಿನ್ ವೃದ್ಧಿಸುತ್ತದೆ. ಇದಕ್ಕೆ ಪಂಚತತ್ತ್ವಗಳ ಸಿದ್ಧಾಂತವನ್ನು ಸೇರಿಸಿ ಪ್ರತಿ ಋತುವಿಗೂ ಒಂದೊಂದು ಅಂಗ, ಭಾವ ಮತ್ತು ರುಚಿಯನ್ನು ನಿಗದಿಪಡಿಸಲಾಗಿದೆ:

- ವಸಂತ: ಮರ, ಯಕೃತ್ತು, ಕೋಪ, ಹುಳಿ
- ಬೇಸಿಗೆ: ಬೆಂಕಿ, ಹೃದಯ, ಹರ್ಷ, ಕಹಿ
- ಬೇಸಿಗೆಯ ಕೊನೆಯ ಭಾಗ: ಮಣ್ಣು, ಗುಲ್ಮ, ಚಿಂತನೆ, ಸಿಹಿ
- ಶರತ್ಕಾಲ: ಲೋಹ, ಶ್ವಾಸಕೋಶ, ದುಃಖ, ಖಾರ
- ಚಳಿಗಾಲ: ನೀರು, ಮೂತ್ರಪಿಂಡ, ಭಯ, ಉಪ್ಪು

ಇಲ್ಲಿ ಹೇಳಲಾದ ಅಂಗಗಳು ಆಧುನಿಕ ಅಂಗರಚನಾಶಾಸ್ತ್ರದ ಅಂಗಗಳಿಗೆ ಸಮನಲ್ಲ. ಉದಾಹರಣೆಗೆ, 'ಯಕೃತ್ತು' ಎಂಬುದು ಚಿ ಶಕ್ತಿಯ ಸರಾಗ ಸಂಚಾರವನ್ನು ನೋಡಿಕೊಳ್ಳುವ ಕಾರ್ಯಸಮೂಹದ ಹೆಸರು.

ನಾಲ್ಕು ಋತುಗಳ ಚರ್ಯೆ

ಚೀನೀ ಪಂಚಾಂಗವು ಸೌರವರ್ಷವನ್ನು 24 ಭಾಗಗಳಾಗಿ ವಿಂಗಡಿಸುತ್ತದೆ. ಇದರ ಪ್ರಕಾರ ವಸಂತವು ಫೆಬ್ರವರಿ 4ರ ಸುಮಾರಿಗೆ, ಬೇಸಿಗೆಯು ಮೇ 5ರ ಸುಮಾರಿಗೆ, ಶರತ್ಕಾಲವು ಆಗಸ್ಟ್ 7ರ ಸುಮಾರಿಗೆ ಮತ್ತು ಚಳಿಗಾಲವು ನವೆಂಬರ್ 7ರ ಸುಮಾರಿಗೆ ಆರಂಭವಾಗುತ್ತವೆ.

ವಸಂತವು ಚಿಗುರುವ ಕಾಲ. ತಡವಾಗಿ ಮಲಗಿ ಬೇಗನೆ ಏಳಬೇಕು, ಬಿಗಿಯಾದ ಉಡುಪನ್ನು ಸಡಿಲಿಸಿ ನಿಧಾನವಾಗಿ ನಡೆದಾಡಬೇಕು ಎಂದು ಸುವೆನ್ ವಿಧಿಸುತ್ತದೆ. ಈ ಕಾಲದಲ್ಲಿ ಹೊಸ ಸಂಕಲ್ಪಗಳನ್ನು ಹುಟ್ಟಲು ಬಿಡಬೇಕು. ದಂಡಿಸುವುದಕ್ಕಿಂತ ಪ್ರೋತ್ಸಾಹಿಸುವುದು ಉಚಿತ.

ಬೇಸಿಗೆಯು ಹೂ ಬಿಟ್ಟು ಕಾಯಿ ಕಟ್ಟುವ ಕಾಲ. ಆಗಲೂ ತಡವಾಗಿ ಮಲಗಿ ಬೇಗನೆ ಏಳಬೇಕು. ದೀರ್ಘವಾದ ಹಗಲಿನ ಬಗ್ಗೆ ಬೇಸರಪಡದೆ, ಕೋಪಕ್ಕೆ ಎಡೆಗೊಡದೆ, ಮನಸ್ಸನ್ನು ಹೊರಜಗತ್ತಿನ ಕಡೆಗೆ ಪ್ರೀತಿಯಿಂದ ತೆರೆದಿಡಬೇಕು.

ಶರತ್ಕಾಲವು ಮಾಗುವ ಕಾಲ. ಬೇಗನೆ ಮಲಗಿ ಕೋಳಿ ಕೂಗುವ ಹೊತ್ತಿಗೆ ಏಳಬೇಕು. ಹೊರಗೆ ಹರಡಿದ್ದ ಮನಸ್ಸನ್ನು ಮರಳಿ ಸೇರಿಸಿಕೊಂಡು ಶಾಂತವಾಗಿರಿಸುವುದು ಈ ಋತುವಿನ ಕೆಲಸ.

ಚಳಿಗಾಲವು ಕೂಡಿಡುವ ಕಾಲ. ಬೇಗನೆ ಮಲಗಿ, ಬಿಸಿಲು ಬಂದ ಮೇಲೆ ಏಳಬೇಕು. ಮೈಯನ್ನು ಬೆಚ್ಚಗಿಟ್ಟುಕೊಂಡು, ಬೆವರು ಹರಿಸದೆ, ತನ್ನ ಸಂಕಲ್ಪವನ್ನು ಗುಟ್ಟಿನಂತೆ ಒಳಗೇ ಇಟ್ಟುಕೊಳ್ಳಬೇಕು.

ಒಂದು ಋತುವಿನ ನಿರ್ಲಕ್ಷ್ಯದ ಫಲವು ಮುಂದಿನ ಋತುವಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಈ ಅಧ್ಯಾಯದ ಕೇಂದ್ರ ವಿಚಾರ. ವಸಂತದ ನಿಯಮ ತಪ್ಪಿದರೆ ಬೇಸಿಗೆಯಲ್ಲಿ ಶೀತಸಂಬಂಧಿ ವ್ಯಾಧಿಗಳು, ಬೇಸಿಗೆಯ ನಿಯಮ ತಪ್ಪಿದರೆ ಶರತ್ಕಾಲದಲ್ಲಿ ಮರುಕಳಿಸುವ ಜ್ವರ, ಶರತ್ಕಾಲದ ನಿಯಮ ತಪ್ಪಿದರೆ ಚಳಿಗಾಲದಲ್ಲಿ ಅತಿಸಾರ, ಚಳಿಗಾಲದ ನಿಯಮ ತಪ್ಪಿದರೆ ವಸಂತದಲ್ಲಿ ಕೈಕಾಲುಗಳ ದುರ್ಬಲತೆ ಉಂಟಾಗುತ್ತದೆ ಎಂದು ಅದು ಎಣಿಸುತ್ತದೆ. ಚಳಿಗಾಲದಲ್ಲಿ ಕೂಡಿಡದವನಿಗೆ ವಸಂತದಲ್ಲಿ ಚಿಗುರಲು ಬಂಡವಾಳವಿರುವುದಿಲ್ಲ ಎಂಬುದು ಇದರ ತಾತ್ಪರ್ಯ. ವಿಶ್ರಾಂತಿಯನ್ನು ಬೆಳವಣಿಗೆಯ ವಿರೋಧಿಯೆಂದು ಕಾಣದೆ, ಅದರದ್ದೇ ಒಂದು ಹಂತವೆಂದು ಈ ಪದ್ಧತಿ ಪರಿಗಣಿಸುತ್ತದೆ.

ಆಚರಣೆಗಳು

ಚಳಿಗಾಲದ ವ್ಯಾಧಿಗೆ ಬೇಸಿಗೆಯಲ್ಲಿ ಚಿಕಿತ್ಸೆ ಎಂಬ ತತ್ತ್ವದ ಮೇಲೆ ರೂಪುಗೊಂಡ ಆಚರಣೆಯೇ 'ಸಾನ್‌ಫು' ಲೇಪ. ವರ್ಷದ ಅತ್ಯಂತ ಸೆಕೆಯ ದಿನಗಳಲ್ಲಿ ಬಿಳಿ ಸಾಸಿವೆ ಮೊದಲಾದ ದ್ರವ್ಯಗಳನ್ನು ಶುಂಠಿಯ ರಸದಲ್ಲಿ ಕಲಸಿ, ಉಬ್ಬಸದಂತಹ ತೊಂದರೆ ಇರುವವರ ಬೆನ್ನಿನ ನಿರ್ದಿಷ್ಟ ಬಿಂದುಗಳಿಗೆ ಹಚ್ಚಲಾಗುತ್ತದೆ. ಈ ವಿಧಾನವನ್ನು ಜಾಂಗ್ ಲು ಎಂಬ ವೈದ್ಯನು 1695ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಚೀನಾದ ಅನೇಕ ಆಸ್ಪತ್ರೆಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ.

ಎಂಟು ಚಲನೆಗಳ 'ಬಾದುವಾನ್‌ಜಿನ್', ಪ್ರಾಣಿಗಳ ಚಲನೆಯನ್ನು ಅನುಕರಿಸುವ 'ವುಚಿನ್‌ಶಿ' ಮೊದಲಾದ ನಿಧಾನಗತಿಯ ವ್ಯಾಯಾಮಗಳನ್ನು ಉದ್ಯಾನವನಗಳಲ್ಲಿ ಮುಖ್ಯವಾಗಿ ಹಿರಿಯರು ಅಭ್ಯಾಸ ಮಾಡುತ್ತಾರೆ. ಬೀಜಿಂಗ್ ನಿವಾಸಿಗಳ ಇಂತಹ ದೈನಂದಿನ ಅಭ್ಯಾಸಗಳ ಕುರಿತು ಮಾನವಶಾಸ್ತ್ರಜ್ಞೆ ಜೂಡಿತ್ ಫಾರ್ಕರ್ ಮತ್ತು ವೈದ್ಯವಿದ್ವಾಂಸ ಜಾಂಗ್ ಚಿಚೆಂಗ್ ಅವರ ಅಧ್ಯಯನಗ್ರಂಥವು 2012ರಲ್ಲಿ ಪ್ರಕಟವಾಗಿದೆ. 24 ಸೌರಭಾಗಗಳ ಜ್ಞಾನವನ್ನು ಯುನೆಸ್ಕೋ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಯುರ್ವೇದದೊಂದಿಗೆ ಹೋಲಿಕೆ

ಆಯುರ್ವೇದದಲ್ಲಿಯೂ ಋತುಚರ್ಯೆಗೆ ಮಹತ್ವವಿದೆ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಮತ್ತು ವಾಗ್ಭಟನ ಅಷ್ಟಾಂಗಹೃದಯದ ಮೂರನೆಯ ಅಧ್ಯಾಯ ಇದನ್ನು ವಿವರಿಸುತ್ತವೆ. ಆದರೆ ಆಯುರ್ವೇದವು ಆರು ಋತುಗಳನ್ನು ಎಣಿಸುತ್ತದೆ ಮತ್ತು ವರ್ಷ ಋತುವಿಗೆ ಪ್ರತ್ಯೇಕ ಸ್ಥಾನ ನೀಡುತ್ತದೆ. ಚೀನೀ ವಿಭಾಗವು ಹಳದಿ ನದಿ ಪ್ರದೇಶದ ಹವಾಗುಣವನ್ನು ಆಧರಿಸಿದ್ದರಿಂದ ಅದನ್ನು ಮುಂಗಾರು ಮಳೆಯ ನಾಡುಗಳಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆಯುರ್ವೇದದ ವಿವರಣೆಯು ವಾತ, ಪಿತ್ತ, ಕಫಗಳ ಸಂಚಯ ಮತ್ತು ಪ್ರಕೋಪಗಳನ್ನು ಆಧರಿಸಿದರೆ, ಚೀನೀ ವಿವರಣೆಯು ಯಿನ್-ಯಾಂಗ್‌ಗಳ ಏರಿಳಿತವನ್ನು ಆಧರಿಸುತ್ತದೆ.

ವೈಜ್ಞಾನಿಕ ದೃಷ್ಟಿಕೋನ

ಚಿ ಶಕ್ತಿಯ ಅಸ್ತಿತ್ವಕ್ಕಾಗಲಿ, ಋತು ಮತ್ತು ಅಂಗಗಳ ನಡುವೆ ಹೇಳಲಾದ ಸಂಬಂಧಕ್ಕಾಗಲಿ ವೈಜ್ಞಾನಿಕ ಆಧಾರವಿಲ್ಲ. ನಿಯಮಿತ ನಿದ್ರೆ, ಹಗಲಿನ ಬೆಳಕು ಮತ್ತು ಹಿತಮಿತವಾದ ವ್ಯಾಯಾಮದಿಂದಾಗುವ ಪ್ರಯೋಜನಗಳು ಈ ಸಿದ್ಧಾಂತವನ್ನು ಅವಲಂಬಿಸಿಲ್ಲ. ಇದೇ ಬಗೆಯ ನಿಧಾನಗತಿಯ ವ್ಯಾಯಾಮವಾದ ತಾಯ್‌ಚಿ ವೃದ್ಧರು ಬೀಳುವ ಸಂಭವವನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಪುರಾವೆಗಳಿವೆ. ಸಾನ್‌ಫು ಲೇಪದಿಂದ ಚರ್ಮದ ಮೇಲೆ ಬೊಬ್ಬೆಗಳು ಏಳಬಹುದು. ಉಬ್ಬಸಕ್ಕೆ ವೈದ್ಯರು ಸೂಚಿಸಿದ ಔಷಧಿಗೆ ಅದು ಬದಲಿಯಲ್ಲ.

ನೈಸರ್ಗಿಕ ಮೂಲಿಕೆಗಳೆಲ್ಲವೂ ನಿರಪಾಯಕಾರಿ ಎಂಬ ಭಾವನೆಯೂ ಸರಿಯಲ್ಲ. ಅರಿಸ್ಟೊಲೋಕಿಯಾ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಗಳ ವೈಫಲ್ಯಕ್ಕೂ ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳ ಗುಳಿಗೆ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾನಿಗೊಂಡಾಗ ಈ ಅಪಾಯವು ವ್ಯಾಪಕವಾಗಿ ಬೆಳಕಿಗೆ ಬಂದಿತು. ಆ ಬಳಿಕ ಹಲವು ದೇಶಗಳು ಇಂತಹ ಮೂಲಿಕೆಗಳ ಬಳಕೆಯನ್ನು ನಿಷೇಧಿಸಿವೆ ಅಥವಾ ನಿರ್ಬಂಧಿಸಿವೆ.